ಕುಹಕಿಯ ಪೀಠ

ಕ್ರಿಸ್ತಪೂರ್ವ 8ನೆಯ ಶತಮಾನದ ಆರಂಭದ ಮಾತು. ಯೆಹೂದ ರಾಜ್ಯದ ದೊರೆ ಅಮಚ್ಯನಿಗೆ ನೆರೆರಾಜ್ಯ ಇಸ್ರಾಯೇಲಿನ ದೊರೆ ಯೆಹೋವಾಷನಿಂದ ಒಂದು ಸಂದೇಶ ಬಂದಿತು. ಅದರಲ್ಲಿ ಮೊದಲಿಗೆ ಇದ್ದದ್ದು ಒಂದು ಪುಟ್ಟ ಕಥೆ. ಲೆಬನೋನಿನ ಬೆಟ್ಟದಲ್ಲಿದ್ದ ಮುಳ್ಳುಗಿಡವೊಂದು ಅಲ್ಲಿನ ದೇವದಾರು ಮರದ ಬಳಿಗೆ ದೂತರನ್ನು ಕಳಿಸಿ, ಅದರ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ಹೆಣ್ಣು ಕೇಳಿತಂತೆ. ಅಷ್ಟರಲ್ಲಿ ಕಾಡುಮೃಗವೊಂದು ಆ ದಾರಿಯಾಗಿ ಬಂದು ಮುಳ್ಳುಗಿಡವನ್ನು ತುಳಿದುಕೊಂಡು ಹೋಯಿತಂತೆ. ಕಥೆ ಅಷ್ಟೇ. ಮುಳ್ಳುಗಿಡ ಯಾರು, ದೇವದಾರು ಯಾರು ಎಂದು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಈ ಕಥೆಗೆ ಕಾರಣವಾದವನು ಅಮಚ್ಯನೇ. ಅವನು ಉಪ್ಪಿನ ಕಣಿವೆಯಲ್ಲಿ ಎದೋಮ್ಯರನ್ನು ಸೋಲಿಸಿ, ಹತ್ತು ಸಾವಿರ ಮಂದಿಯನ್ನು ಕೊಂದು, ಅವರ ಸೆಲ ಎಂಬ ಕೋಟೆಯನ್ನು ಹಿಡಿದಿದ್ದನೆಂದು ಬೈಬಲಿನ ಎರಡನೆಯ ಅರಸುಗಳ ಗ್ರಂಥ ತಿಳಿಸುತ್ತದೆ. ಆ ಗೆಲುವಿನ ಅಮಲಿನಲ್ಲಿ ತನಗಿಂತ ಬಲಶಾಲಿಯಾದ ಯೆಹೋವಾಷನನ್ನು ರಣರಂಗಕ್ಕೆ ಕರೆದ. ಉತ್ತರವಾಗಿ ಮುಳ್ಳುಗಿಡದ ಕಥೆಯೂ, ಗೆದ್ದ ಕೀರ್ತಿಯನ್ನು ಅನುಭವಿಸುತ್ತ ಮನೆಯಲ್ಲೇ ಇರುವುದು ಕ್ಷೇಮವೆಂಬ ಬುದ್ಧಿಮಾತೂ ಬಂದವು. ಅಮಚ್ಯ ಕೇಳಲಿಲ್ಲ. ಬೇತ್‌ಷೆಮೆಷಿನಲ್ಲಿ ನಡೆದ ಯುದ್ಧದಲ್ಲಿ ಅವನ ಸೇನೆ ದಿಕ್ಕಾಪಾಲಾಯಿತು, ಅವನು ಸೆರೆಸಿಕ್ಕ. ಯೆಹೋವಾಷ ಯೆರೂಸಲೇಮಿಗೆ ಬಂದು ಎಫ್ರಾಯೀಮ್ ಬಾಗಿಲಿನಿಂದ ಮೂಲೆಬಾಗಿಲಿನವರೆಗೆ ನಾನೂರು ಮೊಳ ಗೋಡೆಯನ್ನು ಕೆಡವಿಸಿದ. ಅಂದರೆ ಸುಮಾರು ಆರುನೂರು ಅಡಿ. ದೇವಾಲಯದ ಮತ್ತು ಅರಮನೆಯ ಬೆಳ್ಳಿಬಂಗಾರವನ್ನೂ ಒತ್ತೆಯಾಳುಗಳನ್ನೂ ಹೊಡೆದುಕೊಂಡು ಸಮಾರ್ಯಕ್ಕೆ ಹಿಂತಿರುಗಿದ.

ಗರ್ವಭಂಗದ ಕಥೆಯೆಂದು ಇದನ್ನು ಇಲ್ಲಿಗೇ ಮುಗಿಸಬಹುದು. ಆದರೆ ಒಂದು ತೊಡಕು ಉಳಿಯುತ್ತದೆ. ಯೆಹೋವಾಷನ ಸಲಹೆ ಸರಿಯಾಗಿಯೇ ಇತ್ತು. ಅಮಚ್ಯ ಅದನ್ನು ಕೇಳಿದ್ದರೆ ಗೋಡೆ ಉಳಿಯುತ್ತಿತ್ತು. ಆ ಸಲಹೆ ಗೇಲಿಯ ಉಡುಪಿನಲ್ಲಿ ಬಂದದ್ದರಿಂದ ಅವನ ಕಿವಿಗೆ ಬಿದ್ದದ್ದು ಗೇಲಿ ಮಾತ್ರ. ಇನ್ನು ದೇವದಾರು ಮರದ ಸಂಗತಿ. 1967ರಲ್ಲಿ ಇರಾಕಿನ ತೆಲ್ ಅಲ್ ರಿಮಾ ಎಂಬಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞರಿಗೆ ಅಸ್ಸೀರಿಯದ ಚಕ್ರವರ್ತಿ ಮೂರನೆಯ ಅದದ್ ನಿರಾರಿಯ ಶಿಲಾಶಾಸನವೊಂದು ಸಿಕ್ಕಿತು. ಅವನಿಗೆ ಕಪ್ಪ ಕೊಟ್ಟವರ ಪಟ್ಟಿಯಲ್ಲಿ ಸಮಾರ್ಯದ ಯೆಹೋವಾಷನ ಹೆಸರೂ ಇದೆ. ನೆರೆಯವನನ್ನು ಮುಳ್ಳುಗಿಡವೆಂದು ಹೀಯಾಳಿಸಿದ ದೇವದಾರು ಇನ್ನೊಬ್ಬನ ಮುಂದೆ ನೆಲಕ್ಕೆ ಬಾಗಿತ್ತು.

ಗರ್ವ ಮತ್ತು ಕುಹಕ ಹೀಗೆ ಒಂದನ್ನೊಂದು ಹೆಣೆದುಕೊಂಡಿರುವುದನ್ನು ಪ್ರಾಚೀನ ಇಸ್ರಾಯೇಲಿನ ಬೋಧಕರು ಚೆನ್ನಾಗಿ ಬಲ್ಲವರಾಗಿದ್ದರು. ಅವರ ಮಾತುಗಳು ಬೈಬಲಿನ ಜ್ಞಾನೋಕ್ತಿಗಳು, ಯೋಬ, ಪ್ರಸಂಗಿ ಎಂಬ ಗ್ರಂಥಗಳಲ್ಲಿ, ಅವುಗಳ ತರುವಾಯ ಬಂದ ಬೆನ್ ಸೀರನ ಗ್ರಂಥದಲ್ಲಿ ಉಳಿದಿವೆ. ವಿದ್ವಾಂಸರು ಇವನ್ನು ಒಟ್ಟಾಗಿ ವಿವೇಕಸಾಹಿತ್ಯವೆಂದು ಕರೆಯುತ್ತಾರೆ. ಪ್ರವಾದಿಗಳ ಗುಡುಗು ಇಲ್ಲಿಲ್ಲ, ಧರ್ಮಶಾಸ್ತ್ರದ ವಿಧಿಗಳೂ ಇಲ್ಲ. ಮನೆ, ಸಂತೆ, ನ್ಯಾಯಸ್ಥಾನ, ಅರಮನೆಗಳಲ್ಲಿ ಮನುಷ್ಯ ಹೇಗೆ ಬಾಳುತ್ತಾನೆ, ಹೇಗೆ ಕೆಡುತ್ತಾನೆ ಎಂಬುದನ್ನು ಹತ್ತಿರದಿಂದ ನೋಡಿದವರ ಅನುಭವ ಇದು.

ಜ್ಞಾನೋಕ್ತಿಗಳ ಗ್ರಂಥಕ್ಕೆ ಸೊಲೊಮೋನನ ಹೆಸರಿದ್ದರೂ ಅದು ಒಬ್ಬನ ಕೃತಿಯಲ್ಲ. ಶತಮಾನಗಳ ಕಾಲ ಬೆಳೆದ ಹಲವು ಸಂಗ್ರಹಗಳ ಜೋಡಣೆ. ಅದರ ಮೊದಲ ಅಧ್ಯಾಯಗಳಲ್ಲಿ ತಂದೆಯೊಬ್ಬ ಮಗನನ್ನು ಎದುರಿಗೆ ಕೂರಿಸಿಕೊಂಡು ಮತ್ತೆ ಮತ್ತೆ ಬುದ್ಧಿ ಹೇಳುತ್ತಾನೆ. ಸೊಲೊಮೋನನ ಸ್ವಂತ ಮಗ ರೆಹಬ್ಬಾಮ ಮಾತ್ರ ಪಟ್ಟಕ್ಕೆ ಬಂದೊಡನೆ ಹಿರಿಯರ ಸಲಹೆಯನ್ನು ತಳ್ಳಿ, ತೆರಿಗೆ ಮತ್ತು ಬಿಟ್ಟಿಯ ಭಾರ ಇಳಿಸಬೇಕೆಂದು ಬೇಡಿದ ಜನರಿಗೆ ಸೊಕ್ಕಿನ ಉತ್ತರ ಕೊಟ್ಟು, ಕ್ರಿ.ಪೂ. 930ರ ಸುಮಾರಿಗೆ ರಾಜ್ಯವನ್ನೇ ಎರಡಾಗಿಸಿದ. ಅಮಚ್ಯ, ಯೆಹೋವಾಷರಿಬ್ಬರೂ ಆ ಒಡೆದ ಮನೆಯ ಎರಡು ಪಾಲಿನವರು.

ಈ ಗ್ರಂಥದಲ್ಲಿ ಅವಿವೇಕಿಗಳಿಗೆ ಒಂದೇ ಹೆಸರಿಲ್ಲ. ಹೀಬ್ರೂ ಮೂಲದಲ್ಲಿ ಹಲವು ಬಗೆಯ ಮೂಢರು ಬರುತ್ತಾರೆ. ‘ಪೆತಿ’ ಎಂದರೆ ಏನೂ ತಿಳಿಯದ ಮುಗ್ಧ. ತೆರೆದುಕೊಂಡಿರುವುದು ಎಂಬ ಅರ್ಥದ ಧಾತುವಿನೊಡನೆ ಈ ಪದಕ್ಕೆ ನಂಟಿದೆ. ಬಾಗಿಲು ತೆಗೆದಿರುವ ಮನೆಯಂತೆ ಅವನ ಮನಸ್ಸು. ಕಳ್ಳನೂ ಬರಬಹುದು, ಅತಿಥಿಯೂ ಬರಬಹುದು. ‘ಕೆಸೀಲ್’ ಎಂಬವನು ಮಂದ, ತನ್ನ ದಡ್ಡತನದಲ್ಲೇ ಸುಖವಾಗಿರುವವನು. ಇವರಿಬ್ಬರಿಗೂ ಆಚೆ ನಿಂತಿರುವವನು ‘ಲೇಟ್ಸ್’. ಅಪಹಾಸ್ಯ ಮಾಡುವವನು, ಕುಹಕಿ. ಗ್ರಂಥದಲ್ಲಿ ಹತ್ತಕ್ಕೂ ಹೆಚ್ಚು ಕಡೆ ಅವನ ಪ್ರಸ್ತಾಪ ಬರುತ್ತದೆ. ಇಂದು ಓದುವ ಕನ್ನಡ ಬೈಬಲಿನ ಮೊದಲನೆಯ ಕೀರ್ತನೆಯಲ್ಲಿ ಈ ಪದಕ್ಕೆ ‘ಧರ್ಮನಿಂದಕ’ ಎಂದು ಅನುವಾದವಾಗಿದೆ. ಅದು ತಪ್ಪಲ್ಲ, ಆದರೆ ಪದವನ್ನು ದೇವರ ವಿಷಯಕ್ಕೆ ಮಾತ್ರ ಕಟ್ಟಿಹಾಕುತ್ತದೆ. ಮೂಲದ ಕುಹಕಿ ದೇವರನ್ನಷ್ಟೇ ಅಲ್ಲ, ತಂದೆಯನ್ನೂ ಬಡವನನ್ನೂ ಸಾಕ್ಷಿಕಟ್ಟೆಯನ್ನೂ ಗೇಲಿ ಮಾಡುತ್ತಾನೆ.

ಅವನು ದಡ್ಡನಲ್ಲ ಎಂಬುದನ್ನು ಗಮನಿಸಬೇಕು. ಅವನಿಗೆ ಮಾತು ಬರುತ್ತದೆ, ಎದುರಿಗಿರುವವರ ಕುಂದು ಬೇಗ ಕಾಣುತ್ತದೆ. ಇಪ್ಪತ್ತೊಂದನೆಯ ಅಧ್ಯಾಯದ ಒಂದು ನುಡಿ ಅವನಿಗೆ ಲಕ್ಷಣವನ್ನೇ ಬರೆದಿದೆ: ಗರ್ವದಿಂದ ಉಬ್ಬಿ, ಮಿತಿಮೀರಿದ ದರ್ಪದಿಂದ ನಡೆಯುವವನಿಗೆ ಕುಹಕಿ ಎಂಬುದೇ ಹೆಸರು. ಗರ್ವ ಮನಸ್ಸಿನೊಳಗಿನ ಸ್ಥಿತಿಯಾದರೆ ಕುಹಕ ಅದು ಬಾಯಿಗೆ ಬಂದಾಗಿನ ರೂಪ ಎಂಬುದು ಈ ಲಕ್ಷಣದ ತಾತ್ಪರ್ಯ. ಇತರ ನುಡಿಗಳು ಇನ್ನಷ್ಟು ಚಿತ್ರ ತುಂಬುತ್ತವೆ. ಅವನು ವಿವೇಕವನ್ನು ಹುಡುಕುತ್ತಾನೆ, ಸಿಗುವುದಿಲ್ಲ. ತಿದ್ದುವವರನ್ನು ದ್ವೇಷಿಸುತ್ತಾನೆ. ತಿಳಿದವರ ಬಳಿಗೆ ಹೋಗುವುದಿಲ್ಲ. ಅವನಿಗೆ ಶಿಕ್ಷೆ ಕೊಟ್ಟರೆ ಪ್ರಯೋಜನ ಅವನಿಗಲ್ಲ, ಪಕ್ಕದಲ್ಲಿ ನಿಂತು ನೋಡುವ ಮುಗ್ಧನಿಗೆ.

ಬೋಧಕರ ದೃಷ್ಟಿಯಲ್ಲಿ ಗರ್ವದ ಮುಖ್ಯ ಅಪಾಯ ಇದೇ. ಮೇಲೇರಿದವನು ಬೀಳುತ್ತಾನೆ ಎಂಬ ಮಾತು ಅವರಲ್ಲಿಯೂ ಇದೆ, ಹದಿನಾರನೆಯ ಅಧ್ಯಾಯದಲ್ಲಿ. ಜಗತ್ತಿನಲ್ಲೆಲ್ಲ ಪ್ರಸಿದ್ಧವಾಗಿರುವುದೂ ಅದೇ. ಆದರೆ ಬೀಳುವುದಕ್ಕಿಂತ ಮೊದಲು ಇನ್ನೊಂದು ನಷ್ಟ ಆಗಿಹೋಗಿರುತ್ತದೆ. ಗರ್ವಿ ಕಲಿಯುವುದನ್ನು ನಿಲ್ಲಿಸುತ್ತಾನೆ. ಯಾವ ಮಾತು ಬಂದರೂ ಅದನ್ನು ನಗೆಯಾಗಿ ತಿರುಗಿಸುವ ಜಾಣತನವೇ ಅವನ ಕಿವಿಗೆ ಬಾಗಿಲು ಹಾಕುತ್ತದೆ. ಮಂದಮತಿಯನ್ನು ಹೇಗೋ ತಿದ್ದಬಹುದು, ಕುಹಕಿಯನ್ನು ತಿದ್ದಹೋದವನು ಅವಮಾನವನ್ನಷ್ಟೇ ಪಡೆದು ಬರುತ್ತಾನೆ ಎಂಬ ಎಚ್ಚರಿಕೆ ಒಂಬತ್ತನೆಯ ಅಧ್ಯಾಯದಲ್ಲಿದೆ. ಶಿಕ್ಷಣವನ್ನೇ ಉಸಿರಾಗಿಸಿಕೊಂಡ ಗ್ರಂಥವೊಂದು ಒಬ್ಬ ವಿದ್ಯಾರ್ಥಿಯನ್ನು ಹೀಗೆ ಕೈಬಿಡುವುದು ಸಣ್ಣ ಮಾತಲ್ಲ.

ಈ ಕುಹಕಿ ಒಂಟಿಯಲ್ಲ. ಮೊದಲನೆಯ ಕೀರ್ತನೆಯಲ್ಲಿ ಕುಹಕಿಗಳ ‘ಮೋಷಾವ್’ ಎಂಬ ಪದ ಬರುತ್ತದೆ. ಪೀಠವೆಂದೂ ಕೂಟವೆಂದೂ ಅದಕ್ಕೆ ಅರ್ಥವಿದೆ. ಆ ಕಾಲದ ಪಟ್ಟಣಗಳಲ್ಲಿ ಹಿರಿಯರು ಊರಬಾಗಿಲಿನಲ್ಲಿ ಕೂತು ನ್ಯಾಯ ತೀರಿಸುತ್ತಿದ್ದರು. ವ್ಯಾಪಾರದ ಮಾತುಕತೆ, ಸಾಕ್ಷಿ, ಸುದ್ದಿ ಎಲ್ಲವೂ ಅಲ್ಲೇ. ಅಗೆತದಲ್ಲಿ ಸಿಕ್ಕ ಹಲವು ಊರಬಾಗಿಲುಗಳಲ್ಲಿ ಗೋಡೆಗೆ ಒರಗಿದ ಕಲ್ಲಿನ ಜಗಲಿಗಳು ಇಂದಿಗೂ ಇವೆ. ಅಲ್ಲಿ ಕುಹಕಿಗಳ ಗುಂಪೊಂದು ಸೇರಿಕೊಂಡರೆ ನ್ಯಾಯವೇ ನಗೆಪಾಟಲಾಗುತ್ತದೆ. ಅವನನ್ನು ಹೊರಗಟ್ಟಿದರೆ ಜಗಳವೂ ಅವನ ಹಿಂದೆಯೇ ಹೊರಡುತ್ತದೆಂದು ಜ್ಞಾನೋಕ್ತಿಗಳು ಹೇಳುವುದು ಈ ಕಾರಣಕ್ಕೆ.

ಇಂಥ ವಿವೇಕ ಇಸ್ರಾಯೇಲಿನದೊಂದೇ ಸ್ವತ್ತಲ್ಲ. 1888ರಲ್ಲಿ ವಾಲಿಸ್ ಬಡ್ಜ್ ಈಜಿಪ್ಟಿನ ಥೀಬ್ಸಿನಲ್ಲಿ ಬ್ರಿಟಿಷ್ ಮ್ಯೂಸಿಯಮಿಗಾಗಿ ಕೊಂಡ ಪಪೈರಸ್ ಸುರುಳಿಯೊಂದು 1923ರಲ್ಲಿ ಪೂರ್ಣವಾಗಿ ಪ್ರಕಟವಾಯಿತು. ಅದು ಅಮೆನೆಮೋಪೆ ಎಂಬ ಅಧಿಕಾರಿ ಮಗನಿಗೆ ಮಾಡಿದ ಉಪದೇಶ, ಮೂವತ್ತು ಅಧ್ಯಾಯಗಳದ್ದು, ಜ್ಞಾನೋಕ್ತಿಗಳಿಗಿಂತ ಹಳೆಯದು. ಮರುವರ್ಷವೇ ಜರ್ಮನ್ ವಿದ್ವಾಂಸ ಅಡಾಲ್ಫ್ ಎರ್ಮನ್ ಜ್ಞಾನೋಕ್ತಿಗಳ ಇಪ್ಪತ್ತೆರಡು, ಇಪ್ಪತ್ತಮೂರನೆಯ ಅಧ್ಯಾಯಗಳ ಅನೇಕ ನುಡಿಗಳು ಇದನ್ನು ಹೋಲುತ್ತವೆಂದು ತೋರಿಸಿಕೊಟ್ಟ. ಎರಡು ನಾಡುಗಳ ಬರಹಗಾರರು ಒಂದೇ ಪಾಠಶಾಲೆಯ ಗಾಳಿ ಕುಡಿದವರು ಎಂಬುದು ಅಂದಿನಿಂದ ಒಪ್ಪಿದ ಮಾತಾಗಿದೆ.

ಅಮೆನೆಮೋಪೆಯ ಇಪ್ಪತ್ತೈದನೆಯ ಅಧ್ಯಾಯ ಕುರುಡನನ್ನು ಕಂಡು ನಗಬಾರದು, ಕುಳ್ಳನನ್ನು ರೇಗಿಸಬಾರದು, ಕುಂಟನ ಕೆಲಸ ಕೆಡಿಸಬಾರದು, ದೇವರ ಕೈಯಲ್ಲಿರುವ ಮರುಳನನ್ನು ಕಾಡಬಾರದು ಎಂದು ಬೋಧಿಸುತ್ತದೆ. ಕೊಡುವ ಕಾರಣ ಸೊಗಸಾಗಿದೆ. ಮನುಷ್ಯ ಜೇಡಿಮಣ್ಣು ಮತ್ತು ಒಣಹುಲ್ಲು, ಕಟ್ಟುವವನು ದೇವರು, ದಿನವೂ ಕೆಡವುತ್ತಾನೆ, ದಿನವೂ ಕಟ್ಟುತ್ತಾನೆ. ನೈಲ್ ನದಿಯ ದಡದಲ್ಲಿ ಹಸಿ ಇಟ್ಟಿಗೆಯ ಮನೆಗಳಲ್ಲಿ ಬಾಳಿದವರಿಗೆ ಈ ಉಪಮೆಯನ್ನು ವಿವರಿಸಬೇಕಾಗಿರಲಿಲ್ಲ. ಬಡವನನ್ನು ಹೀಯಾಳಿಸುವವನು ಅವನನ್ನು ಸೃಷ್ಟಿಸಿದವನನ್ನೇ ಹೀನೈಸುತ್ತಾನೆ ಎಂದು ಜ್ಞಾನೋಕ್ತಿಗಳು ಹೇಳುವಾಗ ಅದೇ ತರ್ಕ ಹೀಬ್ರೂ ಉಡುಪಿನಲ್ಲಿ ಬರುತ್ತದೆ. ಮಡಕೆಯನ್ನು ನಕ್ಕವನು ಕುಂಬಾರನನ್ನು ನಕ್ಕಂತೆ.

ಯೆಹೋವಾಷನ ಮುಳ್ಳುಗಿಡಕ್ಕೂ ಒಂದು ನೆಂಟ ಈಜಿಪ್ಟಿನಲ್ಲೇ ಸಿಕ್ಕಿದೆ. ನೈಲ್ ನದಿಯ ಎಲಿಫೆಂಟೈನ್ ದ್ವೀಪದಲ್ಲಿ ಯೆಹೂದಿ ಸೈನಿಕರ ವಸತಿಯೊಂದಿತ್ತು. 20ನೆಯ ಶತಮಾನದ ಮೊದಲ ದಶಕದಲ್ಲಿ ಜರ್ಮನರು ನಡೆಸಿದ ಅಗೆತದಲ್ಲಿ ಅಲ್ಲಿ ಕ್ರಿ.ಪೂ. 5ನೆಯ ಶತಮಾನದ ಅರಮೇಯಿಕ್ ಪಪೈರಸ್ ಒಂದು ದೊರೆಯಿತು. ಅಹೀಕಾರ್ ಎಂಬ ಅಸ್ಸೀರಿಯದ ಮಂತ್ರಿಯ ಕಥೆ ಮತ್ತು ನುಡಿಗಳು ಅದರಲ್ಲಿವೆ. ಒಂದು ಕಡೆ ಮುಳ್ಳುಗಿಡ ದಾಳಿಂಬೆಯನ್ನು ಕೆಣಕುತ್ತದೆ: ಹಣ್ಣು ಮುಟ್ಟಹೋದವರಿಗೆ ಅದರ ಮೈಯಲ್ಲಿ ಇಷ್ಟೊಂದು ಮುಳ್ಳು ಏಕೆ? ಕೆಣಕಿದವನ ಮೈಯಲ್ಲಿ ಮುಳ್ಳಲ್ಲದೆ ಬೇರೇನೂ ಇಲ್ಲವೆಂಬುದು ದಾಳಿಂಬೆಯ ಉತ್ತರ.

ಜ್ಞಾನೋಕ್ತಿಗಳ ಇಪ್ಪತ್ತೈದರಿಂದ ಇಪ್ಪತ್ತೊಂಬತ್ತರವರೆಗಿನ ಅಧ್ಯಾಯಗಳಿಗೆ ಒಂದು ವಿಶೇಷ ಶಿರೋನಾಮೆಯಿದೆ. ಇವು ಯೆಹೂದದ ಅರಸ ಹಿಜ್ಕೀಯನ ಕಡೆಯವರು ನಕಲು ಮಾಡಿ ಸಂಗ್ರಹಿಸಿದ ನುಡಿಗಳು ಎಂದು ಅದು ತಿಳಿಸುತ್ತದೆ. ಹಿಜ್ಕೀಯ ಕ್ರಿ.ಪೂ. 8ನೆಯ ಶತಮಾನದ ಕೊನೆಯಲ್ಲಿ ಆಳಿದವನು. ಕುಹಕಿಗಳು ಊರಿಗೇ ಬೆಂಕಿ ಹಚ್ಚುತ್ತಾರೆ, ವಿವೇಕಿಗಳು ರೋಷವನ್ನು ತಣಿಸುತ್ತಾರೆ ಎಂಬರ್ಥದ ನುಡಿ ಇರುವುದು ಈ ಸಂಗ್ರಹದಲ್ಲೇ. ಅರಮನೆಯ ಲಿಪಿಕಾರರು ಇದನ್ನು ಬರೆದುಕೊಂಡ ಕಾಲಕ್ಕೆ ಊರು ಉರಿಯುವುದು ಬರಿಯ ಅಲಂಕಾರವಾಗಿ ಉಳಿದಿರಲಿಲ್ಲ.

ಕ್ರಿ.ಪೂ. 701ರಲ್ಲಿ ಅಸ್ಸೀರಿಯದ ಸನ್ಹೇರೀಬ ಯೆಹೂದದ ಮೇಲೆ ದಂಡೆತ್ತಿ ಬಂದ. 46 ಕೋಟೆಯೂರುಗಳನ್ನು ಗೆದ್ದು, ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆನೆಂದು ಅವನು ಬರೆಸಿದ ಜೇಡಿಮಣ್ಣಿನ ಪಟ್ಟಕಗಳಲ್ಲಿ ಬಡಾಯಿ ಕೊಚ್ಚಿಕೊಂಡಿದ್ದಾನೆ. ಅವುಗಳಲ್ಲೊಂದು ಬ್ರಿಟಿಷ್ ಮ್ಯೂಸಿಯಮಿನಲ್ಲಿದೆ. ಲಾಕೀಷ್ ಪಟ್ಟಣದ ಮುತ್ತಿಗೆಯನ್ನು ನಿನೆವೆಯ ಅರಮನೆಯ ಗೋಡೆಗಳ ಮೇಲೆ ಕಲ್ಲಿನಲ್ಲಿ ಕೆತ್ತಿಸಿದ. ಆ ಫಲಕಗಳೂ ಇಂದು ಅಲ್ಲೇ ಇವೆ. ಶೂಲಕ್ಕೇರಿಸಿದವರು, ಗಂಟುಮೂಟೆ ಹೊತ್ತು ಗಡೀಪಾರಾಗುವ ಹೆಂಗಸರು ಮಕ್ಕಳು, ಸಿಂಹಾಸನದ ಮೇಲೆ ಕೂತು ಇದನ್ನೆಲ್ಲ ನೋಡುವ ಚಕ್ರವರ್ತಿ. ಗರ್ವಕ್ಕೆ ಕಲ್ಲಿನಲ್ಲಿ ಸಾಕ್ಷಿ ಬೇಕಾದವರು ಇದಕ್ಕಿಂತ ಹೆಚ್ಚಿನದನ್ನು ಹುಡುಕಬೇಕಾಗಿಲ್ಲ.

ಅವನ ರಾಯಭಾರಿಯ ಮಾತುಗಳು ಇನ್ನೂ ಸ್ವಾರಸ್ಯವಾಗಿವೆ. ಬೈಬಲಿನಲ್ಲಿ ಅವನನ್ನು ರಬ್ಷಾಕೆ ಎಂದು ಕರೆದಿದೆ. ಅದು ಹೆಸರಲ್ಲ, ಮುಖ್ಯ ಪಾನಸೇವಕನೆಂಬ ಹುದ್ದೆ. ಯೆರೂಸಲೇಮಿನ ಗೋಡೆಯ ಹೊರಗೆ ನಿಂತು ಅವನು ಮಾಡಿದ ಭಾಷಣ ಕುಹಕಕ್ಕೆ ಮಾದರಿ. ಹಿಜ್ಕೀಯ ನಂಬಿದ ಈಜಿಪ್ಟು ಮುರಿದ ಜೊಂಡು, ಊರಿದವನ ಅಂಗೈಯನ್ನೇ ಚುಚ್ಚುತ್ತದೆ ಎಂದ. ಎರಡು ಸಾವಿರ ಕುದುರೆಗಳನ್ನು ತಾನೇ ಕೊಡುತ್ತೇನೆ, ಅವುಗಳ ಮೇಲೆ ಕೂರಲು ಅಷ್ಟು ಸವಾರರು ಇದ್ದಾರೆಯೇ ಎಂದು ಕೇಳಿದ. ಹಿಜ್ಕೀಯನ ಅಧಿಕಾರಿಗಳು ಗಾಬರಿಯಾಗಿ, ಅರಮೇಯಿಕ್ ಭಾಷೆಯಲ್ಲಿ ಮಾತನಾಡಬೇಕೆಂದೂ ಗೋಡೆಯ ಮೇಲಿನ ಜನರಿಗೆ ತಿಳಿಯುವ ಯೆಹೂದದ ಭಾಷೆ ಬೇಡವೆಂದೂ ವಿನಂತಿಸಿದರು. ತಾನು ಬಂದಿರುವುದೇ ಆ ಜನರಿಗೆ ಹೇಳಲೆಂದು ರಬ್ಷಾಕೆ ಇನ್ನಷ್ಟು ದನಿಯೇರಿಸಿದ. ಮುತ್ತಿಗೆ ಬಿಗಿಯಾದಾಗ ಅವರು ಏನನ್ನು ತಿಂದು ಏನನ್ನು ಕುಡಿಯಬೇಕಾಗುತ್ತದೆಂದು ಅವನು ಬಿಡಿಸಿ ಹೇಳಿದ ಮಾತು ಪತ್ರಿಕೆಯಲ್ಲಿ ಅಚ್ಚು ಹಾಕುವಂಥದ್ದಲ್ಲ.

ಜನ ಏನು ಮಾಡಿದರು? ಸುಮ್ಮನಿದ್ದರು. ಅವನಿಗೆ ಒಂದು ಮಾತೂ ಉತ್ತರ ಕೊಡಬಾರದೆಂದು ಅರಸನ ಅಪ್ಪಣೆಯಾಗಿತ್ತೆಂದು ಎರಡನೆಯ ಅರಸುಗಳ ಗ್ರಂಥ ಹೇಳುತ್ತದೆ. ಹಿಜ್ಕೀಯನ ಕಡೆಯವರ ಸಂಗ್ರಹದಲ್ಲೇ, ಇಪ್ಪತ್ತಾರನೆಯ ಅಧ್ಯಾಯದಲ್ಲಿ, ಮೂಢನಿಗೆ ಅವನ ಧಾಟಿಯಲ್ಲಿ ಉತ್ತರ ಕೊಡಬಾರದು, ಕೊಟ್ಟರೆ ಅವನಿಗೆ ಸಮನಾದಂತೆ ಎಂಬ ನುಡಿಯಿದೆ. ತಮಾಷೆಯೆಂದರೆ ಅದರ ಮರುಸಾಲೇ ತದ್ವಿರುದ್ಧ: ಉತ್ತರ ಕೊಡಬೇಕು, ಇಲ್ಲದಿದ್ದರೆ ಅವನು ತನ್ನನ್ನು ಜಾಣನೆಂದುಕೊಳ್ಳುತ್ತಾನೆ. ಈ ವಿರೋಧದಿಂದಾಗಿ ಜ್ಞಾನೋಕ್ತಿಗಳ ಗ್ರಂಥವನ್ನೇ ಓದುಗರಿಂದ ಮರೆಮಾಡಬೇಕೆಂದು ಕೆಲವು ಯೆಹೂದಿ ಪಂಡಿತರು ಯೋಚಿಸಿದ್ದರೆಂದು ತಾಲ್ಮೂದ್ ದಾಖಲಿಸಿದೆ. ಮರೆಮಾಡದಿದ್ದುದು ಒಳ್ಳೆಯದಾಯಿತು. ಕುಹಕಿಯ ಮುಂದೆ ನಿಂತವನಿಗೆ ಮೌನವೂ ಸೋಲು, ಮಾತೂ ಸೋಲು ಎಂಬ ಇಕ್ಕಟ್ಟನ್ನು ಇಷ್ಟು ಪ್ರಾಮಾಣಿಕವಾಗಿ ಹೇಳುವ ಬೇರೆ ದಾರಿ ಇರಲಿಲ್ಲ.

ಯೆರೂಸಲೇಮ್ ಆ ವರ್ಷ ಬೀಳಲಿಲ್ಲ. ದೇವದೂತನು ಅಸ್ಸೀರಿಯದ ದಂಡನ್ನು ಹೊಡೆದನೆಂದು ಬೈಬಲ್ ಹೇಳುತ್ತದೆ. ಹಿಜ್ಕೀಯ ಭಾರಿ ಕಪ್ಪ ಕಳಿಸಿದನೆಂದು ಸನ್ಹೇರೀಬನ ಶಾಸನ ಹೇಳುತ್ತದೆ. ಕಪ್ಪದ ಮಾತನ್ನು ಬೈಬಲೂ ಅಲ್ಲಗಳೆಯುವುದಿಲ್ಲ. ಪಟ್ಟಣವನ್ನು ಹಿಡಿದೆನೆಂದು ಮಾತ್ರ ಸನ್ಹೇರೀಬ ಎಲ್ಲಿಯೂ ಬರೆಸಿಲ್ಲ. ಪ್ರವಾದಿ ಯೆಶಾಯ ಹಿಜ್ಕೀಯನಿಗೆ ಕಳಿಸಿದ ಸಂದೇಶದಲ್ಲಿ ಗೇಲಿಯ ದಿಕ್ಕು ತಿರುಗುತ್ತದೆ. ಯೆರೂಸಲೇಮ್ ಎಂಬ ಕನ್ಯೆ ಸನ್ಹೇರೀಬನ ಬೆನ್ನ ಹಿಂದೆ ತಲೆಯಾಡಿಸಿ ನಗುವಳೆಂದು ಅಲ್ಲಿ ಚಿತ್ರಿಸಿದೆ. ಕ್ರಿ.ಪೂ. 681ರಲ್ಲಿ ಸನ್ಹೇರೀಬ ಸ್ವಂತ ಮಕ್ಕಳ ಸಂಚಿಗೆ ಬಲಿಯಾದ. 612ರಲ್ಲಿ ನಿನೆವೆ ಸುಟ್ಟು ಬೂದಿಯಾಯಿತು.

ಹಿಜ್ಕೀಯನಾದರೂ ಪಾಠ ಕಲಿತನೇ? ಬಾಬಿಲೋನಿನಿಂದ ಬಂದ ರಾಯಭಾರಿಗಳಿಗೆ ಬೊಕ್ಕಸ, ಆಯುಧಶಾಲೆಗಳನ್ನೆಲ್ಲ ತೆರೆದು ತೋರಿಸಿದನೆಂದೂ, ಒಂದು ದಿನ ಇವೆಲ್ಲ ಬಾಬಿಲೋನಿಗೇ ಹೋಗುವುವೆಂದು ಯೆಶಾಯ ಎಚ್ಚರಿಸಿದನೆಂದೂ ಗ್ರಂಥದಲ್ಲಿದೆ. ಅವನ ಹೃದಯ ಉಬ್ಬಿತ್ತೆಂದು ಪೂರ್ವಕಾಲವೃತ್ತಾಂತದ ಲೇಖಕ ನಿಸ್ಸಂಕೋಚವಾಗಿ ಬರೆಯುತ್ತಾನೆ.

ಬೋಧಕರು ತಾವೇ ಗೇಲಿಯಿಂದ ದೂರವಿದ್ದವರೇ ಎಂದು ಕೇಳಬಹುದು. ಖಂಡಿತ ಅಲ್ಲ. ಬಾಗಿಲು ಕೀಲಿನ ಮೇಲೆ ತಿರುಗುವಂತೆ ಹಾಸಿಗೆಯಲ್ಲಿ ಹೊರಳುವ ಸೋಮಾರಿ, ಬೀದಿಯಲ್ಲಿ ಸಿಂಹವಿದೆಯೆಂದು ಮನೆಯೊಳಗೇ ಉಳಿಯುವವನು, ಹಂದಿಯ ಮೂಗಿಗಿಟ್ಟ ಚಿನ್ನದ ಮೂಗುತಿ ಎಲ್ಲವೂ ಜ್ಞಾನೋಕ್ತಿಗಳಲ್ಲಿವೆ. ಮೊದಲ ಅಧ್ಯಾಯದಲ್ಲಿ ವಿವೇಕವೇ ಹೆಣ್ಣಾಗಿ ಬೀದಿಯಲ್ಲಿ ನಿಂತು ಕೂಗುತ್ತಾಳೆ. ಕೇಳದವರಿಗೆ ಕೇಡು ಬಂದಾಗ ತಾನು ನಗುವೆನೆಂದು ಹೇಳುತ್ತಾಳೆ. ಕರ್ಮೆಲ್ ಬೆಟ್ಟದಲ್ಲಿ ಬಾಳನ ಪೂಜಾರಿಗಳು ಕುಣಿದು ಕೂಗುತ್ತಿದ್ದಾಗ, ಅವರ ದೇವರು ನಿದ್ದೆ ಹೋಗಿರಬಹುದೆಂದು ಅಣಕಿಸಿದವನು ಪ್ರವಾದಿ ಎಲೀಯ. ವಿಗ್ರಹಾರಾಧನೆಯ ಹೊರತು ಬೇರಾವುದನ್ನೂ ಗೇಲಿ ಮಾಡಕೂಡದೆಂಬ ತಾಲ್ಮೂದಿನ ತೀರ್ಪು ಇಂಥ ಪ್ರಸಂಗಗಳಿಗೆ ಜಾಗ ಬಿಟ್ಟುಕೊಡುವ ಪ್ರಯತ್ನ. ಬೇರೆಯವರ ದೇವರನ್ನು ನಗಬಹುದೆಂಬ ಈ ರಿಯಾಯಿತಿಯಲ್ಲಿ ಗರ್ವಕ್ಕೆ ಒಂದು ಕಿಟಕಿ ತೆರೆದೇ ಉಳಿಯಿತು ಎನ್ನದೆ ಗತಿಯಿಲ್ಲ.

ವಿವೇಕಿಗಳಿಗೆ ಅಂಟುವ ಗರ್ವವನ್ನು ಯೋಬನ ಗ್ರಂಥ ಬಯಲಿಗೆಳೆಯುತ್ತದೆ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡು ಬೂದಿಯಲ್ಲಿ ಕೂತವನನ್ನು ಸಂತೈಸಲು ಮೂವರು ಸ್ನೇಹಿತರು ಬರುತ್ತಾರೆ. ಅವರ ಬಾಯಲ್ಲಿ ಬರುವುದೆಲ್ಲ ಜ್ಞಾನೋಕ್ತಿಗಳಂಥ ಸುಭಾಷಿತಗಳೇ. ಆದರೆ ನೊಂದವನ ಕಿವಿಗೆ ಅವು ಮೂದಲಿಕೆಯಾಗಿ ಕೇಳಿಸುತ್ತವೆ. ವಿವೇಕವೆಲ್ಲ ಅವರೊಡನೆಯೇ ಸತ್ತುಹೋಗುವುದೆಂದು ಯೋಬ ಕಟುವಾಗಿ ವ್ಯಂಗ್ಯವಾಡುತ್ತಾನೆ. ಸುಖವಾಗಿರುವವನಿಗೆ ಪರರ ದುರ್ದೆಸೆ ತಾತ್ಸಾರದ ವಸ್ತು ಎಂಬ ಅವನ ಮಾತು ಇಡೀ ವಿವೇಕಸಾಹಿತ್ಯಕ್ಕೆ ಹಾಕಿದ ಸವಾಲು. ಅಲ್ಲಿಯೂ ಕವಿ ಯಾರನ್ನೂ ಬಿಟ್ಟಿಲ್ಲ. ತನ್ನನ್ನು ಹಾಸ್ಯ ಮಾಡುವ ಪೋಕರಿಗಳ ಅಪ್ಪಂದಿರನ್ನು ತನ್ನ ಕುರಿನಾಯಿಗಳ ಜೊತೆಗೂ ಸೇರಿಸುತ್ತಿರಲಿಲ್ಲವೆಂದು ಯೋಬ ಹೇಳಿಕೊಳ್ಳುವಾಗ, ಬೂದಿಯಲ್ಲಿ ಕೂತವನೊಳಗೂ ಹಳೆಯ ಸಾಹುಕಾರ ಮಿಸುಕಾಡುತ್ತಾನೆ.

ಕ್ರಿ.ಪೂ. 180ರ ಸುಮಾರಿಗೆ ಯೆರೂಸಲೇಮಿನಲ್ಲಿ ಬೆನ್ ಸೀರ ಎಂಬ ಬೋಧಕ ಹಳೆಯ ಧಾಟಿಯಲ್ಲೇ ಹೀಬ್ರೂವಿನಲ್ಲಿ ಒಂದು ಗ್ರಂಥ ಬರೆದ. ಮಣ್ಣೂ ಬೂದಿಯೂ ಆದ ಮನುಷ್ಯನಿಗೆ ಹಮ್ಮು ಯಾಕೆ ಎಂದು ಅದರ ಹತ್ತನೆಯ ಅಧ್ಯಾಯ ಕೇಳುತ್ತದೆ. ಇಂದಿನ ಅರಸ ನಾಳೆಯ ಹೆಣ ಎಂದು ನೆನಪಿಸುತ್ತದೆ. ಕ್ರಿ.ಪೂ. 132ರಲ್ಲಿ ಈಜಿಪ್ಟಿಗೆ ಬಂದ ಅವನ ಮೊಮ್ಮಗ ಇದನ್ನು ಗ್ರೀಕಿಗೆ ಅನುವಾದಿಸಿದ. ಮೂಲ ಕ್ರಮೇಣ ಬಳಕೆ ತಪ್ಪಿ ಕಣ್ಮರೆಯಾಯಿತು. 1896ರಲ್ಲಿ ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸೋದರಿಯರು ಪೂರ್ವದೇಶದ ಪ್ರವಾಸದಿಂದ ಕೇಂಬ್ರಿಜಿಗೆ ತಂದ ಹಾಳೆಯೊಂದನ್ನು ನೋಡಿ ಸಾಲೊಮನ್ ಶೆಖ್ಟರ್ ಬೆನ್ ಸೀರನ ಹೀಬ್ರೂವನ್ನು ಗುರುತಿಸಿದ. ಮುಂದೆ ಕೈರೋದ ಸಿನಗಾಗಿನ ಹಳೆಯ ಕಾಗದದ ಕೋಣೆಯಿಂದ ಇನ್ನೂ ಹಾಳೆಗಳು ಬಂದವು. 1964ರಲ್ಲಿ ಮಸಾದ ಕೋಟೆಯಲ್ಲಿ ಯಿಗಾಯೆಲ್ ಯಾದಿನ್ ತಂಡಕ್ಕೆ ಸುರುಳಿಯ ಭಾಗವೇ ಸಿಕ್ಕಿತು.

ಮೂಲವನ್ನೂ ಗ್ರೀಕನ್ನೂ ಪಕ್ಕಪಕ್ಕ ಇಟ್ಟಾಗ ಒಂದು ಕುತೂಹಲದ ಸಂಗತಿ ಕಂಡಿತು. ಅಜ್ಜ ‘ಲೇಟ್ಸ್’ ಎಂದು ಬರೆದಲ್ಲಿ ಮೊಮ್ಮಗ ‘ಹುಪೆರೆಫಾನೋಸ್’ ಎಂದಿದ್ದಾನೆ, ಅಂದರೆ ಗರ್ವಿ. ಜ್ಞಾನೋಕ್ತಿಗಳ ಮೂರನೆಯ ಅಧ್ಯಾಯದ ಗ್ರೀಕ್ ಅನುವಾದಕನೂ ಹೀಗೇ ಮಾಡಿದ. ಹೀಬ್ರೂವಿನಲ್ಲಿ ದೇವರು ಕುಹಕಿಗಳನ್ನು ಕುಹಕದಿಂದಲೇ ಕಾಣುತ್ತಾನೆ. ಗ್ರೀಕಿನಲ್ಲಿ ಅವನು ಗರ್ವಿಗಳಿಗೆ ಎದುರಾಳಿಯಾಗಿ, ಸೇನೆ ಅಣಿಗೊಳಿಸಿದಂತೆ, ನಿಲ್ಲುತ್ತಾನೆ. ಹೊಸ ಒಡಂಬಡಿಕೆಯ ಯಾಕೋಬನ ಮತ್ತು ಪೇತ್ರನ ಪತ್ರಗಳು ಉದ್ಧರಿಸಿದ್ದು ಈ ಗ್ರೀಕ್ ರೂಪವನ್ನೇ. ಕ್ರಿ.ಶ. 410ರಲ್ಲಿ ರೋಮ್ ನಗರ ಗಾಥರ ಕೈಯಲ್ಲಿ ಸೂರೆಯಾದ ಬಳಿಕ ಅಗಸ್ಟೀನ್ ತನ್ನ ‘ದೇವನಗರ’ ಗ್ರಂಥವನ್ನು ಆರಂಭಿಸಿದ್ದೂ ಇದೇ ಮಾತಿನೊಂದಿಗೆ. ಗರ್ವಿಗಳನ್ನು ತಗ್ಗಿಸುವುದು ದೇವರ ಕೆಲಸ, ರೋಮ್ ಆ ಕೆಲಸವನ್ನು ತನ್ನದೆಂದು ಕೊಚ್ಚಿಕೊಂಡಿತ್ತು ಎಂಬುದು ಅವನ ಆಕ್ಷೇಪ.

ಪೀಠದ ಗತಿ ಬೇರೆಯಾಯಿತು. ಮೊದಲನೆಯ ಕೀರ್ತನೆಯ ಗ್ರೀಕ್ ಅನುವಾದಕ ಕುಹಕಿಗಳನ್ನು ‘ಪಿಡುಗುಗಳು’ ಎಂದು ಕರೆದ. ಲ್ಯಾಟಿನ್ನಿನಲ್ಲಿ ಅದು ‘ಮಹಾಮಾರಿಯ ಪೀಠ’ವಾಗಿ ಶತಮಾನಗಳ ಕಾಲ ಪಶ್ಚಿಮದ ಮಠಗಳಲ್ಲಿ ಪಠನವಾಯಿತು. ಹೀಬ್ರೂ ಬಲ್ಲ ಜೆರೋಮ್ ‘ಅಪಹಾಸಿಗಳ ಪೀಠ’ ಎಂದು ಸರಿಯಾದ ಅನುವಾದವನ್ನೂ ಮಾಡಿಕೊಟ್ಟಿದ್ದ. ಬಾಯಿಪಾಠವಾಗಿದ್ದ ಹಳೆಯದನ್ನು ಜನ ಬಿಡಲಿಲ್ಲ. ತಪ್ಪು ಅನುವಾದವೆಂದು ಅದನ್ನು ತಳ್ಳಿಹಾಕುವುದು ಸುಲಭ. ಆದರೆ ಕುಹಕ ಒಬ್ಬನಿ೦ದ ಒಬ್ಬನಿಗೆ ಅಂಟುವ ರೋಗವೆಂಬುದನ್ನು ಆ ಅನುವಾದಕ ಕಂಡುಕೊಂಡಿದ್ದ.

ರೋಗದ ಮಾತು ಬೆನ್ ಸೀರನಲ್ಲಿಯೂ ಇದೆ: ಕುಹಕಿಗೆ ಆದ ಗಾಯಕ್ಕೆ ಮದ್ದಿಲ್ಲ. ಅವನಿಗಿಂತ ಬಹಳ ಹಿಂದೆ ಹಿಜ್ಕೀಯನ ಕಡೆಯವರ ಸಂಗ್ರಹವೂ, ಎಷ್ಟು ಗದರಿಸಿದರೂ ಕತ್ತು ಬಗ್ಗಿಸದವನು ಮದ್ದಿಲ್ಲದಂತೆ ಮುರಿದುಬೀಳುವನೆಂದು ಹೇಳಿತ್ತು. ಇದೇ ‘ಮದ್ದಿಲ್ಲ’ ಎಂಬ ಮಾತನ್ನು ಪೂರ್ವಕಾಲವೃತ್ತಾಂತದ ಲೇಖಕ ತನ್ನ ಇತಿಹಾಸದ ಕೊನೆಯ ಪುಟದಲ್ಲಿ ಬಳಸುತ್ತಾನೆ. ದೇವರು ಕಳಿಸಿದ ದೂತರನ್ನು ಯೆಹೂದದ ಜನ ಮದ್ದಿಲ್ಲದಂತಾಗುವವರೆಗೆ ಗೇಲಿ ಮಾಡಿದರು ಎಂಬುದು ಯೆರೂಸಲೇಮಿನ ಪತನಕ್ಕೆ ಅವನು ಕೊಡುವ ಕಾರಣ.

ಆ ದೂತರಲ್ಲಿ ಯೆರೆಮೀಯ ಒಬ್ಬ. ದಿನವೆಲ್ಲ ನಗೆಗೀಡಾಗಿದ್ದೇನೆಂದು ಅವನು ಗೋಳಾಡಿದ್ದಾನೆ. ಪುರೋಹಿತನೊಬ್ಬ ಅವನನ್ನು ಹೊಡೆಸಿ ಕೋಳಕ್ಕೆ ಹಾಕಿಸಿದ್ದ. ಅವನ ಮಾತುಗಳನ್ನು ಬರೆದ ಸುರುಳಿಯನ್ನು ಅರಸ ಯೆಹೋಯಾಕೀಮನ ಮುಂದೆ ಚಳಿಗಾಲದ ಒಂದು ದಿನ ಓದಿದರು. ಮೂರು ನಾಲ್ಕು ಅಂಕಣ ಓದಿದೊಡನೆ ಅರಸ ಲಿಪಿಕಾರನ ಚೂರಿಯಿಂದ ಅಷ್ಟನ್ನು ಕತ್ತರಿಸಿ ಎದುರಿನ ಅಗ್ಗಿಷ್ಟಿಕೆಗೆ ಎಸೆಯುತ್ತಿದ್ದ. ಸುರುಳಿ ಮುಗಿಯುವವರೆಗೆ ಹೀಗೇ ನಡೆಯಿತು. ಅಲ್ಲಿದ್ದವರಲ್ಲಿ ಬಹುತೇಕರ ಮುಖದಲ್ಲಿ ಅಂಜಿಕೆಯೇ ಕಾಣಲಿಲ್ಲ.

ಕ್ರಿ.ಪೂ. 586ರಲ್ಲಿ ಬಾಬಿಲೋನಿನ ಸೇನೆ ಯೆರೂಸಲೇಮನ್ನು ಹಿಡಿಯಿತು. ದೇವಾಲಯ, ಅರಮನೆ, ಮನೆಗಳನ್ನೆಲ್ಲ ಸುಟ್ಟಿತು. ಯೆಹೋವಾಷ ಕೆಡವಿದ್ದು ನಾನೂರು ಮೊಳ ಗೋಡೆ. ಈ ಬಾರಿ ಸುತ್ತಲ ಗೋಡೆಯೆಲ್ಲ ನೆಲಸಮವಾಯಿತು. ಆ ವಿನಾಶವನ್ನು ಕುರಿತ ಪ್ರಲಾಪಗಳ ಗ್ರಂಥದಲ್ಲಿ ದಾರಿಹೋಕರು ನಿಂತು ಚಪ್ಪಾಳೆ ತಟ್ಟುವ, ಸಿಳ್ಳು ಹಾಕುವ ದೃಶ್ಯವೊಂದಿದೆ. ಯೆರೂಸಲೇಮ್ ಎಂಬ ಕನ್ಯೆಯನ್ನು ನೋಡಿ ಅವರು ತಲೆಯಾಡಿಸುತ್ತಾರೆ. 115 ವರ್ಷಗಳ ಹಿಂದೆ ಸನ್ಹೇರೀಬನ ಬೆನ್ನ ಹಿಂದೆ ಆ ಕನ್ಯೆ ತಲೆಯಾಡಿಸಿದಳೆಂದು ಹೇಳುವಾಗ ಯೆಶಾಯ ಬಳಸಿದ ಹೀಬ್ರೂ ಪದಗಳೇ ಇಲ್ಲಿಯೂ ಇವೆ.